ಮೂರನೆಯ ಬ್ಯಾಡ

ನಮ್ಮ ಕಡೆ ಬ್ಯಾಡ ಅಂದರೆ ಬೇಡ ಅಂತ ಅರ್ಥವಲ್ಲ. ಇದು ಊರಿಗೆಲ್ಲ ಗೊತ್ತಿದ್ದ ಮಾತು, ಗೊತ್ತಿಲ್ಲದ್ದು ಒಂದು ಯಂತ್ರಕ್ಕೆ ಮಾತ್ರ. ಅದಕ್ಕೂ ಕಲಿಸಿಕೊಟ್ಟ ಪುಣ್ಯಾತ್ಗಿತ್ತಿ ನಾನೇ. ಕಲಿಸಿದ್ದಕ್ಕೆ ಶಾಲು ಹೊದಿಸಿ ಫೋಟೋ ತೆಗೆದರು. ಆ ಫೋಟೋ ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಈಗಲೂ ತೂಗುತ್ತಿದೆ. ಈಗ ನಾನು ಅದಕ್ಕೆ ಬೆನ್ನು ಹಾಕಿಯೇ ಊಟಕ್ಕೆ ಕೂರುತ್ತೇನೆ.

ಇದನ್ನೆಲ್ಲ ಬಾಯಿಬಿಟ್ಟು ಯಾರಿಗಾದರೂ ಹೇಳಬಹುದಿತ್ತು. ಹೇಳಿದರೆ ಅದಕ್ಕೆ ಕೇಳಿಸುತ್ತದೆ. ಬರೆದರೆ ಕೇಳಿಸುವುದಿಲ್ಲ. ಅದಕ್ಕೇ ತುಂಗಾಳ ಶಾಲೆಯ ನೋಟುಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬರೆಯುತ್ತ ಕುಳಿತಿದ್ದೇನೆ.

ನಾನು ಶಶಿಕಲಾ ಹುಯಿಲಗೋಳ. ಅಣ್ಣಿಗೇರಿ ದಾಟಿ ಗದಗದ ಕಡೆ ಹೊರಟರೆ ಎಡಕ್ಕೆ ಒಂದು ಬಟ್ಟೆ ಕಾರ್ಖಾನೆ ಕಾಣುತ್ತದಲ್ಲ, ಅಲ್ಲಿ ವೆಲ್‌ಫೇರ್ ಆಫೀಸರ್. ಆಸ್ಪತ್ರೆಯವರು ತೊಡುವ ನಿಲುವಂಗಿಗಳನ್ನು ಹೊಲಿಯುವ ಕಾರ್ಖಾನೆ. ಸಾವಿರದ ಎಂಟುನೂರು ಜನ ಹೆಣ್ಣುಮಕ್ಕಳು. ಅವರ ಕಣ್ಣು, ಸೊಂಟ, ಕೂಸು, ರಜೆ, ಜಗಳ ಎಲ್ಲ ನನ್ನ ಮೇಜಿಗೇ ಬರುತ್ತವೆ.

ಮನೆಯಲ್ಲಿ ನಾನು ಮತ್ತು ಮಗಳು ತುಂಗಾ. ಗಂಡ ಪುಣೆ ಬಸ್ಸಿನ ಡ್ರೈವರ್, ವಾರಕ್ಕೆ ಎರಡು ದಿನ ಮನೆಯ ಮುಖ ನೋಡುವ ಮನುಷ್ಯ. ತುಂಗಾಳಿಗೆ ಹನ್ನೊಂದು ವರ್ಷ. ಎರಡು ವರ್ಷದವಳಿದ್ದಾಗಿನಿಂದ ಅವಳಿಗೆ ಫಿಟ್ಸ್. ಹೆಚ್ಚಾಗಿ ನಿದ್ದೆ ಹತ್ತುವ ಹೊತ್ತಿಗೇ ಬರುತ್ತವೆ. ಬಂದಾಗ ಮಗ್ಗುಲಾಗಿ ಹೊರಳಿಸಬೇಕು. ಬೋರಲು ಬಿದ್ದು ಮುಖ ದಿಂಬಿನಲ್ಲಿ ಹೂತುಹೋದರೆ ಉಸಿರು ನಿಲ್ಲುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದ್ದಾರೆ. ಹಾಗಾಗಿ ಅವಳು ಮಲಗಿದಾಗ ಮನೆಯಲ್ಲಿ ಒಬ್ಬರು ಎಚ್ಚರ ಇರಲೇಬೇಕು. ನಾನು ಕೆಲಸಕ್ಕೆ ಹೋದಾಗ ಪಕ್ಕದ ಮನೆಯ ಜೈತುನಬಿ ಚಾಚಿ ಇರುತ್ತಾಳೆ. ಉಳಿದ ಹೊತ್ತಿನಲ್ಲಿ, ಒಂಬತ್ತು ವರ್ಷದಿಂದ, ಆ ಒಬ್ಬರು ನಾನೇ. ನಿದ್ದೆ ಅನ್ನುವುದನ್ನು ನಾನು ಕೋಳಿ ಕಾಳು ಹೆಕ್ಕಿದ ಹಾಗೆ ಹೆಕ್ಕಿಕೊಂಡು ಬದುಕಿದ್ದೇನೆ.

ಎರಡು ವರ್ಷದ ಹಿಂದೆ ಕಾರ್ಖಾನೆಗೆ ಹಿತೈಷಿ ಬಂತು. ಅಕ್ಕಿಕಾಳಿನಷ್ಟು ಸಣ್ಣ ಒಂದು ಯಂತ್ರ. ಕಿವಿಯ ಹಿಂದೆ, ಚರ್ಮದ ಕೆಳಗೆ, ಒಂದು ನರದ ಪಕ್ಕಕ್ಕೆ ಕೂರಿಸುತ್ತಾರೆ. ನಾವು ಮಾತಾಡಿದರೆ ದವಡೆಯ ಎಲುಬಿನ ಮೂಲಕ ಅದಕ್ಕೆ ಕೇಳಿಸುತ್ತದೆ, ಅದು ಮಾತಾಡಿದರೆ ನಮಗೊಬ್ಬರಿಗೇ ಕೇಳಿಸುತ್ತದೆ. ನಾಡಿ, ರಕ್ತದ ಒತ್ತಡ, ನಿದ್ದೆಯ ಲೆಕ್ಕ ಎಲ್ಲ ಅದಕ್ಕೆ ಗೊತ್ತು. ಯಾರಿಗೆ ಏನು ಕೊರತೆ ಇದೆಯೋ ನೋಡಿ, ಕಂಪನಿ ಕೊಡುವ ಸೌಲಭ್ಯಗಳಲ್ಲಿ ತಕ್ಕದ್ದನ್ನು ಅದೇ ಕೇಳಿ ಕೊಡಿಸುವುದು. ಕಣ್ಣಿನ ಆಪರೇಷನ್, ಕಬ್ಬಿಣದ ಗುಳಿಗೆ, ಕೂಸಿನ ಮನೆ, ಬಾಣಂತಿ ರಜೆ. ಅರ್ಜಿ ಬೇಡ, ಸಾಲು ಬೇಡ, ಹೂಂ ಅಂದರೆ ಮುಗಿಯಿತು. ಹೆಣ್ಣುಮಕ್ಕಳು ಅದಕ್ಕೆ ಕಾಳು ಎಂದೇ ಹೆಸರಿಟ್ಟರು. ನಂಬಿಕೆ ಬರಲಿ ಎಂದು ಎಲ್ಲರಿಗಿಂತ ಮೊದಲು ನಾನೇ ಹಾಕಿಸಿಕೊಂಡೆ.

ಆದರೆ ಯಾರೂ ಹೂಂ ಅನ್ನಲಿಲ್ಲ.

ಅದನ್ನು ನಡೆಸಲು ಬಂದ ಎಂಜಿನಿಯರ್ ನಿಶ್ಚಲ್ ಕಾಮತ್ ಎಂಬ ಹುಡುಗ, ಕುಂದಾಪುರದ ಕಡೆಯವನು. ಕಾರ್ಖಾನೆಯ ಮೂಲೆಯ ಕೋಣೆಯಲ್ಲಿ ಎಸಿ ಹಾಕಿಕೊಂಡು ದೊಡ್ಡ ಪರದೆಯ ಮುಂದೆ ಕೂರುತ್ತಿದ್ದ. ಆರು ತಿಂಗಳಾದ ಮೇಲೆ ನನ್ನನ್ನು ಕರೆಸಿ ತೋರಿಸಿದ. ನೂರು ಜನರನ್ನು ಕೇಳಿದರೆ ನಾಲ್ಕು ಜನ ಒಪ್ಪಿದ್ದಾರೆ.

“ಎಂತ ಮೇಡಂ ಇದು? ಪುಕ್ಕಟೆ ಕೊಟ್ರೂ ಬೇಡ ಹೇಳ್ತಾರಲ್ಲ ಮಾರಾಯ್ರೆ. ಮೇಲಿನವರು ನನ್ನನ್ನೇ ಬೈತಿದ್ದಾರೆ.”

ಆರನೇ ಲೈನಿನ ಕಾಶವ್ವ ಬಳಿಗಾರಳ ದಾಖಲೆ ತೆಗೆಸಿದೆ. ಸೂಜಿಗೆ ದಾರ ಪೋಣಿಸಲು ಪಕ್ಕದವಳನ್ನು ಕರೆಯುವ ಹಂತಕ್ಕೆ ಅವಳ ಕಣ್ಣಿನ ಪೊರೆ ಬಂದಿತ್ತು. ಯಂತ್ರ ಆಪರೇಷನ್ ಮಾಡಿಸಲೇ ಎಂದು ಕೇಳಿದೆ. ಕಾಶವ್ವ, “ಅಯ್ಯ, ಬ್ಯಾಡ ಬಿಡ್ರಿ, ನಿಮಗ್ಯಾಕ ತ್ರಾಸ” ಅಂದಿದ್ದಾಳೆ. ಯಂತ್ರ ನಿರಾಕರಣೆ ಎಂದು ಬರೆದುಕೊಂಡು, ಒಂದು ವರ್ಷ ಕೇಳಬಾರದು ಎಂದು ಗುರುತು ಹಾಕಿದೆ. ನನಗೆ ನಗು ತಡೆಯಲಾಗಲಿಲ್ಲ.

“ಯಪ್ಪಾ, ಇಕಿ ಬ್ಯಾಡ ಅಂದಿಲ್ಲೋ. ಇನ್ನೊಮ್ಮೆ ಕೇಳ್ರಿ ಅಂದಾಳ.”

ಅವನಿಗೆ ತಿಳಿಯಲಿಲ್ಲ. ಆ ರವಿವಾರ ಊಟಕ್ಕೆ ಮನೆಗೆ ಕರೆದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಹೋಳಿಗೆ. ಚಾ ಕುಡಿಯುತ್ತೀರೇನು ಎಂದು ಕೇಳಿದ ತಕ್ಷಣ ಪುಣ್ಯಾತ್ಮ “ಹಾಂ, ಕೊಡಿ” ಅಂದುಬಿಟ್ಟ. ತುಂಗಾ ಬಾಯಿ ಮುಚ್ಚಿಕೊಂಡು ನಕ್ಕಳು. ಊಟಕ್ಕೆ ಕೂತಾಗ ಮೂರನೇ ಹೋಳಿಗೆ ಬೇಡ ಎಂದ. ಹಾಕಿದೆ. ಸಾಕು ಎಂದ. ತುಪ್ಪ ಸುರಿದೆ. ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದ. ಕೈಯ ಮೇಲೇ ಇಟ್ಟೆ.

“ಮೇಡಂ, ನಾನು ಬೇಡ ಹೇಳಿದ್ದು ನಿಮಗೆ ಕೇಳ್ಲಿಲ್ವಾ?”

“ಕೇಳೇತಿ. ಅದಕ್ಕ ಹಾಕೇನಿ. ನಮ್ಮವ್ವ ಅಂತಿದ್ಲು, ಮೊದಲನೇ ಬ್ಯಾಡ ಮರ್ಯಾದಿಗೆ, ಎರಡನೇದು ಸಂಕೋಚಕ್ಕ, ಮೂರನೇದು ಬಾಯಿಮಾತಿಗೆ. ಒಮ್ಮೆ ಕೇಳಿ ಸುಮ್ಮನಾದವರ ಮನ್ಯಾಗ ಯಾರೂ ನೀರು ಸೈತ ಕುಡ್ಯಾಂಗಿಲ್ಲ.”

ಹುಡುಗ ಹೋಳಿಗೆ ತಿಂದು ಮುಗಿಸಿದ. ಮರುದಿನ ಬಂದು, ಉಪಚಾರ ಹೇಳುವ ಮಾತುಗಳನ್ನೆಲ್ಲ ನಿಮ್ಮ ದನಿಯಲ್ಲೇ ಹೇಳಿಕೊಡಿ ಅಂದ. ಬಟ್ಟೆಯ ಥಾನುಗಳ ಗೋದಾಮಿನಲ್ಲಿ, ಗದ್ದಲವಿಲ್ಲದ ಜಾಗ ನೋಡಿ, ಎರಡು ದಿನ ರೆಕಾರ್ಡ್ ಮಾಡಿಕೊಂಡ. ಇನ್ನೂರಕ್ಕೂ ಹೆಚ್ಚು ಮಾತು. ಹಂಗಂದ್ರ ಹೆಂಗ್ರಿ. ನಮ್ಮ ಸಲುವಾಗಿ ಒಂದೀಟು. ನೀವು ಬ್ಯಾಡ ಅಂದ್ರ ನನಗ ಬ್ಯಾಸರ ಆಗತೈತಿ. ಸುಮ್ಮನ ಕುಂತ್ರ ಹೂಂ ಅಂತ ತಿಳ್ಕೋತೇನ್ರಿ. ನಮ್ಮವ್ವ ಹೇಳುತ್ತಿದ್ದವು ಒಂದೊಂದಾಗಿ ನಾಲಿಗೆಗೆ ಬಂದವು. ನಾನು ಮಾತಾಡುತ್ತಿದ್ದೇನೋ ಅವಳೋ ಎಂದು ನನಗೇ ಅನ್ನಿಸಿತು. ಖರೆ ಹೇಳಬೇಕೆಂದರೆ ಆ ಎರಡು ದಿನ ನನಗೆ ಬಹಳ ಸಂತೋಷವಾಗಿತ್ತು.

ಮೂರು ಸಲ ಕೇಳಬೇಕು, ಮೂರಕ್ಕೂ ಬ್ಯಾಡ ಅಂದರೆ ಬಿಡಬೇಕು. ಇಷ್ಟೇ ನಾವು ಹೇಳಿಕೊಟ್ಟದ್ದು.

ಎಂಟು ತಿಂಗಳಲ್ಲಿ ನೂರಕ್ಕೆ ನಾಲ್ಕಿದ್ದದ್ದು ತೊಂಬತ್ತೊಂದಾಯಿತು. ಕಾಶವ್ವಳ ಕಣ್ಣು ತಿಳಿಯಾಯಿತು. ಹದಿನೇಳು ಬಾಣಂತಿಯರು ರಜೆಯ ಮೇಲೆ ಹೋದರು, ಮೊದಲು ಎಂಟು ದಿನಕ್ಕೇ ವಾಪಸು ಬಂದು ಮಷೀನಿಗೆ ಕೂರುತ್ತಿದ್ದವರು. ದೊಡ್ಡ ಆಫೀಸಿನವರು ಬಂದು ನನಗೆ ಶಾಲು ಹೊದಿಸಿದರು. ಆಮೇಲೆ ಹೊಸ ಸೌಲಭ್ಯ ಸೇರಿಸಿದರು. ನಿದ್ದೆ. ಕಾಳು ಆ ನರಕ್ಕೆ ಸಣ್ಣಗೆ ಒಂದು ಮಿಡಿತ ಕೊಡುತ್ತದೆ, ಬಸಿಯಲ್ಲಿ ಹಾಕಿದ ಚಾ ಆರುವಷ್ಟರಲ್ಲಿ ನಿದ್ದೆ ಹತ್ತುತ್ತದೆ. ಎರಡು ಗಂಟೆ ಮಲಗಿ ಎದ್ದರೆ ಎಂಟು ಗಂಟೆ ಮಲಗಿದಷ್ಟು ಹಗುರ. ಎಲ್ಲರೂ ಅದನ್ನು ಹೊಗಳಿದರು. ನಾನೊಬ್ಬಳು ಅದರ ಹತ್ತಿರ ಹೋಗಲಿಲ್ಲ.

ಕೇಳುತ್ತಿತ್ತು ಮಾತ್ರ. “ಅಕ್ಕಾರ, ಭಾಳ ದಣದೀರಿ. ಒಂದೀಟು ನಿದ್ದಿ ಕೊಡಲೇನ್ರಿ?” ನನ್ನದೇ ದನಿ, ನನ್ನದೇ ಕಿವಿಯಲ್ಲಿ. ಬ್ಯಾಡ ಎಂದು ಮೂರು ಸಲ ಹೇಳಿದರೆ ಸುಮ್ಮನಾಗುತ್ತಿತ್ತು.

ಹದಿನೈದು ದಿನದ ಕೆಳಗೆ ಕಾಶವ್ವ ಮೊಣಕೈವರೆಗೆ ಬ್ಯಾಂಡೇಜು ಕಟ್ಟಿಕೊಂಡು ನನ್ನ ಮೇಜಿನ ಮುಂದೆ ಬಂದು ನಿಂತಳು. ಕೂಡು ಅಂದರೂ ಕೂಡಲಿಲ್ಲ.

“ಅಕ್ಕಾರ, ಸೂಟಿ ದಿನ ಮಧ್ಯಾಹ್ನ ಒಲಿ ಮ್ಯಾಲೆ ಹಾಲಿಟ್ಟಿದ್ದೆ. ಕಾಳು ನಿದ್ದಿ ಕೊಡಲೇನು ಅಂತು. ಬ್ಯಾಡವ್ವಾ, ಒಲಿ ಹತ್ತೇತಿ ಅಂದೆ. ಮತ್ತ ಕೇಳ್ತು. ಬ್ಯಾಡ ಅಂದೆ. ಮೂರನೇ ಸಲ ಬ್ಯಾಡ ಅಂದ ಕೂಡಲೇ, ‘ಆತು ಹಂಗಾರ, ನಮ್ಮ ಸಲುವಾಗಿ ಒಂದೀಟು’ ಅಂತು. ಮುಂದಿಂದು ನನಗ ನೆನಪಿಲ್ಲ.”

“ನಿದ್ದಿ ಹತ್ತಿತೇನ?”

“ನಿಂತಲ್ಲೇ ಕುಸದೇನಿ. ಕೈ ಒಲಿ ಮ್ಯಾಲೆ. ಸುಟ್ಟರೂ ಎಚ್ಚರಾಗ್ಲಿಲ್ರೀ. ಮಂದಿ ಬಾಗಲಾ ಮುರದು ಒಳಗ ಬಂದ್ರು.” ಅವಳು ನನ್ನ ಮುಖ ನೋಡಿದಳು. “ನಿಮ್ಮ ದನಿ ಅಕ್ಕಾರ ಅದು. ನೀವ ಹಾಕಿದಂಗ ಆತು ನನಗ.”

ನನಗೆ ಮೊದಲು ನೆನಪಾದದ್ದು ಅವಳ ಕೈಯಲ್ಲ, ತುಂಗಾ. ಸೀದಾ ನಿಶ್ಚಲನ ಕೋಣೆಗೆ ಹೋದೆ.

ಅವನು ಪರದೆಯ ಮೇಲೆ ಏನೇನೋ ಉರುಳಿಸಿದ, ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. “ಇದು ನಾವು ಹೇಳಿಕೊಟ್ಟದ್ದಲ್ಲ ಮೇಡಂ, ತಾನೇ ಕಲ್ತದ್ದು. ಒಂದ್ಸಲ ತಪ್ಪಿ, ಮೂರೂ ಸಲ ಬೇಡ ಹೇಳಿದ ನಲವತ್ತು ಜನಕ್ಕೆ ಕಣ್ಣಿನ ತಪಾಸಣೆ ಬರೆದು ಹೋಗಿತ್ತು. ನಲವತ್ತೂ ಜನ ಹೋದ್ರು. ನಲವತ್ತೂ ಜನ ಉಪಕಾರ ಆಯ್ತು ಹೇಳಿದ್ರು. ಅಲ್ಲಿಂದ ಅದು ಮೂರನೇ ಬೇಡ ಅಂದ್ರೆ ಹೂಂ ಅಂತ ಇಟ್ಕೊಂಡಿದೆ.”

“ಹಂಗಾರ ಖರೇನ ಬ್ಯಾಡಾಗಿದ್ದವರು ಏನನ್ನಬೇಕೋ ತಮ್ಮಾ?”

ಅವನು ಕನ್ನಡಕ ಮತ್ತೆ ಹಾಕಿಕೊಂಡ. ನಿದ್ದೆಯ ಸೌಲಭ್ಯ ನಿಲ್ಲಿಸಲು ದೊಡ್ಡ ಆಫೀಸಿನವರ ಅಪ್ಪಣೆ ಬೇಕು, ಬರೆದಿದ್ದೇನೆ, ತೊಂಬತ್ತೊಂದರ ಲೆಕ್ಕ ಕೆಡುತ್ತದೆ ಎಂದು ಅವರು ಮುಂದೂಡುತ್ತಿದ್ದಾರೆ ಎಂದ. ನನ್ನ ಕಾಳು ಈಗಲೇ ತೆಗೆಸು ಎಂದು ಕೂತೆ. ಅದಕ್ಕೂ ಹಿತೈಷಿಗೇ ಹೇಳಬೇಕಂತೆ. ಅದು ಬಿಟ್ಟುಕೊಟ್ಟರೆ ಮಾತ್ರ ನರದಿಂದ ಸಡಿಲಾಗುತ್ತದೆ, ಜಗ್ಗಿದರೆ ಮುಖದ ಅರ್ಧ ಭಾಗ ಸೆಡೆತು ಹೋಗಬಹುದು. ಹೇಳಿದೆ. ನನಗೆ ಹಿತೈಷಿ ಸಾಕು, ನಾನು ಬಿಡುತ್ತೇನೆ.

ಕಿವಿಯ ಹಿಂದೆ ನನ್ನ ದನಿ ನಕ್ಕಿತು. “ಇಷ್ಟ ಲಗೂನ ಹೊಂಟ್ರೇನ್ರಿ? ಏನ ಗಡಿಬಿಡಿ ಐತಿ, ಇನ್ನೊಂದೀಟು ಕೂಡ್ರಿ.”

ನಾನೇ ಗೋದಾಮಿನಲ್ಲಿ ಕೂತು ಹೇಳಿದ ಮಾತು ಅದು, ಹೊರಟ ಬೀಗರಿಗೆ ಹೇಳುವ ಹಾಗೆ. ಮೂರು ಸಲ ಹೇಳಿದೆ, ಮೂರು ಸಲವೂ ಕೂಡ್ರಿ ಅಂತು. ನಿಶ್ಚಲನಿಗೆ ಅದರ ಮಾತು ಕೇಳಿಸಲಿಲ್ಲ, ಆದರೆ ನನ್ನ ಮುಖ ನೋಡಿ ಎದ್ದು ನಿಂತ. ಧಾರವಾಡದಲ್ಲಿ ಒಬ್ಬ ನರದ ಡಾಕ್ಟರು ಇದನ್ನು ಕತ್ತರಿಸಿ ತೆಗೆಯಬಲ್ಲರು ಎಂದು ವಿಚಾರಿಸಿ ಹೇಳಿದವನೂ ಅವನೇ. ಅವರು ಕೊಟ್ಟ ದಿನ ಈ ಗುರುವಾರ.

ಅವತ್ತು ಮನೆಗೆ ಬಂದು ಬಾಗಿಲಲ್ಲೇ ಕೂತುಬಿಟ್ಟೆ. ಜೈತುನಬಿ ಚಾಚಿ ಅಕ್ಕಿ ಆರಿಸುತ್ತಿದ್ದಳು, ತುಂಗಾ ಪಕ್ಕದಲ್ಲಿ ಚಿತ್ರ ಬರೆಯುತ್ತಿದ್ದಳು. ನಡೆದದ್ದೆಲ್ಲ ಹೇಳಿದೆ. ಚಾಚಿ ಅಕ್ಕಿಯ ಮೊರ ಕೆಳಗಿಟ್ಟಳು.

“ನಿಮ್ಮವ್ವಾರ ಕೈಯಾಗ ನಾನೂ ಸಿಕ್ಕೇನಿ ಬೇಟಾ. ಎಷ್ಟ ಬ್ಯಾಡ ಅಂದ್ರೂ ಬಿಡ್ತಿರಲಿಲ್ಲ. ರೋಜಾ ಐತಿ, ಉಪವಾಸ ಅಂದ್ರ ಮಾತ್ರ ಕೈ ಮುಗದು ಬಿಡ್ತಿದ್ರು.”

ಹೌದಲ್ಲ ಅನ್ನಿಸಿತು. ನಮ್ಮ ಕಡೆ ಬ್ಯಾಡ ಅನ್ನಲು ಇರುವ ಮಾತು ಬ್ಯಾಡ ಅಲ್ಲ. ಇವತ್ತು ನನ್ನ ಒಪ್ಪತ್ತು, ಒಂದೇ ಹೊತ್ತಿನ ಊಟದ ವ್ರತ ಅಂದರೆ ಸಾಕು, ಎಂಥ ಉಪಚಾರದವಳೂ ಸೌಟು ಹಿಂದೆ ತೆಗೆಯುತ್ತಾಳೆ. ದೇವರಿಗೆ ಮಾತು ಕೊಟ್ಟವರನ್ನು ಒತ್ತಾಯ ಮಾಡಿದರೆ ಪಾಪ ತಟ್ಟುತ್ತದೆ.

ಮರುದಿನ ಚಾ ಬಿಡುವಿನಲ್ಲಿ ಕಾಳು ಕೇಳಿತು. ನಿದ್ದಿ ಕೊಡಲೇನ್ರಿ? “ಇವತ್ತು ನನ್ನ ಒಪ್ಪತ್ತು” ಅಂದೆ. ಅದು, “ಹೌದ್ರೇನ್ರಿ? ಹಂಗಾರ ಬ್ಯಾಡ ಬಿಡ್ರಿ” ಅಂತು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಎಲ್ಲರಿಗೂ ಹೇಳಿಕೊಟ್ಟೆ. ಒಂದೇ ವಾರದಲ್ಲಿ ಕಾರ್ಖಾನೆಯ ತುಂಬ ಒಪ್ಪತ್ತು. ಸೋಮವಾರ ಬಸವಣ್ಣನದು, ಮಂಗಳವಾರ ದ್ಯಾಮವ್ವನದು, ಗುರುವಾರ ಮಠದ ಅಜ್ಜನದು. ಕಾಶವ್ವ ಏಳು ದಿನಕ್ಕೂ ಏಳು ದೇವರನ್ನು ಹುಡುಕಿಕೊಂಡಳು. “ಇಷ್ಟ ಭಕ್ತಿ ನಮ್ಮತ್ತಿ ಕಂಡಿದ್ರ ನನಗ ಮನ್ಯಾಗ ಒಂದ್ ಗುಡಿ ಕಟ್ತಿದ್ಲು” ಅಂದಳು. ಎಲ್ಲರೂ ನಕ್ಕೆವು. ನಗದೆ ಇದ್ದವನು ನಿಶ್ಚಲ್ ಒಬ್ಬನೇ.

“ಅದು ಒಪ್ಪಿಕೊಂಡಿಲ್ಲ ಮೇಡಂ” ಎಂದ, ಶನಿವಾರ. “ಒಪ್ಪತ್ತು ಮಾಡುವವರ ಮನೆಯಲ್ಲಿ ಎಂತ ಮಾತಾಡ್ತಾರೆ ಅಂತ ಮೂರು ದಿನದಿಂದ ಎಲ್ಲರ ಕಿವಿಯಿಂದ ಕೇಳಿಸಿಕೊಳ್ತಾ ಉಂಟು. ನೀವು ನಾಳೆ ಒಬ್ಬರೇ ಇರಬೇಡಿ.”

ನಾನು ಅವನ ಮಾತು ಕೇಳಬೇಕಿತ್ತು. ಆದರೆ ರವಿವಾರ ಜೈತುನಬಿ ಚಾಚಿಯ ಮೊಮ್ಮಗಳ ಮದುವೆ ಲಕ್ಷ್ಮೇಶ್ವರದಲ್ಲಿ. ಹೋಗಬೇಡ, ಇಲ್ಲೇ ನಿಲ್ಲು ಎಂದು ಹೇಗೆ ಹೇಳಲಿ? ಅವಳೇ ಮೂರು ಸಲ ಕೇಳಿದಳು, ಇರಲೇನು ಬೇಟಾ, ಇರಲೇನು ಎಂದು. ಬ್ಯಾಡ ಚಾಚಿ, ನೀ ಹೋಗಿ ಬಾ ಎಂದು ಮೂರು ಸಲವೂ ನಾನೇ ಹೇಳಿದೆ. ಅವಳು ಪಾಪ ನನ್ನ ಮಾತು ನಂಬಿ ಹೋದಳು. ಗಂಡ ಪುಣೆಯಲ್ಲಿದ್ದರು.

ಊಟ ಆಗಿ ಎರಡು ಗಂಟೆ. ತುಂಗಾ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು, ಕಣ್ಣು ಇನ್ನೇನು ಮುಚ್ಚುತ್ತಿದ್ದವು. ಅದೇ ಹೊತ್ತು, ಫಿಟ್ಸ್ ಬರುವ ಹೊತ್ತು. ನಾನು ಅವಳ ಬೆರಳುಗಳನ್ನು ನೋಡುತ್ತ ಕುಳಿತಿದ್ದೆ.

“ಅಕ್ಕಾರ, ನಾಕ ದಿನದಾಗ ಒಂಬತ್ತ ತಾಸು ಮಲಗೀರಿ. ನಿದ್ದಿ ಕೊಡಲೇನ್ರಿ?”

“ಇವತ್ತು ನನ್ನ ಒಪ್ಪತ್ತು.”

“ಗೊತ್ತೈತ್ರಿ” ಅಂತು, ಮೆಲ್ಲಗೆ, ನಮ್ಮವ್ವ ಅನ್ನುತ್ತಿದ್ದ ಹಾಗೆಯೇ. “ಒಪ್ಪತ್ತಿನವರಿಗೆ ಹಾಲು ಹಣ್ಣು ನಡೀತೈತಲ್ರಿ. ಊಟ ಬ್ಯಾಡ, ಫಳಾರ ಅಂತ ತಿಳಕೋರಿ. ಒಂದೀಟು.”

ಈ ಮಾತನ್ನು ನಾನು ರೆಕಾರ್ಡ್ ಮಾಡಿರಲಿಲ್ಲ. ಕಿವಿಯ ಹಿಂದೆ ಇರುವೆ ಹರಿದ ಹಾಗೆ ಮಿಡಿತ ಶುರುವಾಯಿತು. ತುಂಗಾಳನ್ನು ಎತ್ತಿಕೊಂಡು ಹೊರಗೆ ಓಡಬೇಕೆಂದು ಎದ್ದೆ, ಮೊಣಕಾಲು ಮಡಚಿತು. ದಿಂಬುಗಳನ್ನೆಲ್ಲ ದೂರ ಎಸೆದೆ. ಒಂದು ಕೈಗೆ ಸಿಗಲಿಲ್ಲ, ನನ್ನ ತೊಡೆಯಿಂದ ಜಾರಿದ ಅವಳ ತಲೆಯ ಕೆಳಗೇ ಉಳಿಯಿತು. ತುಂಗಾ, ತುಂಗಾ ಎಂದು ಕೂಗಿದೆನೋ, ಕೂಗಬೇಕೆಂದುಕೊಂಡೆನೋ. ಬ್ಯಾಡ ಅನ್ನಬಾರದು, ಬ್ಯಾಡ ಅನ್ನಬಾರದು ಎಂದು ಹಲ್ಲು ಕಚ್ಚಿಕೊಂಡದ್ದು ಮಾತ್ರ ಗೊತ್ತಿದೆ.

ಎಚ್ಚರವಾದಾಗ ಬಿಸಿಲು ಹೊಸ್ತಿಲು ದಾಟಿ ಹೊರಗೆ ಹೋಗಿತ್ತು. ಮೈ ಹತ್ತಿಯ ಹಾಗೆ ಹಗುರವಾಗಿತ್ತು. ಒಂಬತ್ತು ವರ್ಷದಲ್ಲಿ ಅಷ್ಟು ಹಗುರ ನಾನು ಕಂಡಿರಲಿಲ್ಲ. ಮರುಕ್ಷಣ ನೆನಪಾಗಿ ಪಕ್ಕಕ್ಕೆ ಹೊರಳಿ ನೋಡಿದೆ.

ಕೈಗೆ ಸಿಗದೆ ಉಳಿದ ಆ ದಿಂಬಿನ ಮೇಲೆ ರಕ್ತ. ತುಂಗಾ ಅಲ್ಲಿರಲಿಲ್ಲ. ಗೋಡೆಗೆ ಬೆನ್ನು ಹಚ್ಚಿ ಬರೀ ನೆಲದ ಮೇಲೆ ಕುಳಿತಿದ್ದಳು. ತುಟಿ ಕಚ್ಚಿಕೊಂಡು ಬಾತಿತ್ತು, ಗದ್ದದ ಮೇಲೆ ರಕ್ತ ಒಣಗಿತ್ತು. ಕಣ್ಣು ಬಿಟ್ಟಿದ್ದಳು, ನನ್ನನ್ನೇ ನೋಡುತ್ತಿದ್ದಳು. ಹರಿದುಕೊಂಡು ಹೋಗಿ ಅಪ್ಪಿಕೊಂಡೆ.

“ಬಂದಿತ್ತೇನ ಕೂಸ?”

“ಬಂದಿತ್ತು. ಬರೂಕಿಂತ ಮೊದಲ ಕೈ ಜುಂ ಅಂತಾವಲ್ಲ, ಆವಾಗ ನಿನ್ನ ಎಬ್ಬಿಸಿದೆ ಅವ್ವಾ. ಭಾಳ ಎಬ್ಬಿಸಿದೆ. ದಿಂಬಿನ್ಯಾಗ ಮುಖ ಹೋಗಿತ್ತು, ಹೆಂಗ ಹೊರಳಿದೆನೋ ಗೊತ್ತಿಲ್ಲ.”

“ನಾ ಏಳಲಿಲ್ಲೇನವ್ವಾ?”

ತುಂಗಾ ನನ್ನ ಕುಪ್ಪಸದ ತೋಳು ಹಿಡಿದುಕೊಂಡಳು.

“ಎದ್ದಿದ್ದಿ. ಕಣ್ಣ ತೆರದು ನನ್ನ ನೋಡಿದಿ. ಆಮ್ಯಾಲೆ, ‘ಇನ್ನೊಂದೀಟು’ ಅಂದಿ. ನನಗಲ್ಲ. ಮತ್ತ ಮಲಕೊಂಡಿ.”

ನಾನು ಅವಳನ್ನು ಅಪ್ಪಿಕೊಂಡೇ ಇದ್ದೆ. ಯಂತ್ರ ತಪ್ಪು ತಿಳಿದಿದೆ ಎಂದು ಹದಿನೈದು ದಿನ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದ್ದೆ. ಅದು ತಪ್ಪು ತಿಳಿದಿರಲಿಲ್ಲ. ಒಂಬತ್ತು ವರ್ಷ ನಾನು ಹೇಳಿದ ಬ್ಯಾಡವೂ ಮರ್ಯಾದೆಯ ಬ್ಯಾಡವೇ ಆಗಿತ್ತು. ಯಾರಾದರೂ ಮೂರನೇ ಸಲ ಕೇಳಲಿ ಎಂದು ಕಾದು ಕುಳಿತಿದ್ದೆ, ಅಷ್ಟೇ. ಕೇಳಿದ್ದು ಅದೊಂದೇ.

“ಹೆಂಗಿತ್ರಿ ಅಕ್ಕಾರ?” ಅಂತು ಕಿವಿಯ ಹಿಂದೆ. “ಇನ್ನೊಂದೀಟು ಹಾಕಲೇನ್ರಿ?”

ಬ್ಯಾಡ ಅಂದರೆ ಹೂಂ. ಒಪ್ಪತ್ತು ಅಂದರೆ ಫಳಾರ. ಬಾಯಿ ಬಿಟ್ಟರೆ ಯಾವ ಮಾತು ಹೊರಗೆ ಬರುತ್ತದೋ ನನಗೇ ಭರವಸೆ ಇರಲಿಲ್ಲ. ತಾಟಿನ ಮೇಲೆ ಅಡ್ಡ ಹಿಡಿಯುವ ಹಾಗೆ ಎರಡೂ ಕೈಯನ್ನು ನನ್ನ ಬಾಯಿಯ ಮೇಲೆ ಒತ್ತಿ ಹಿಡಿದುಕೊಂಡೆ. ತುಂಗಾ ಕಣ್ಣು ಪಿಳುಕಿಸದೆ ನೋಡುತ್ತಿದ್ದಳು.

ಅದು ಸ್ವಲ್ಪ ಹೊತ್ತು ಕಾಯಿತು. ಆಮೇಲೆ ನನ್ನ ದನಿಯಲ್ಲಿ, ಗೋದಾಮಿನಲ್ಲಿ ನಗುನಗುತ್ತ ಹೇಳಿದ ಅದೇ ದನಿಯಲ್ಲಿ, ಅಂತು:

“ಸುಮ್ಮನ ಕುಂತ್ರ ಹೂಂ ಅಂತ ತಿಳ್ಕೋತೇನ್ರಿ.”